ದಾರಿ ಮಧ್ಯೆ ನಿಂತುಬಿಡುವ ಕುದುರೆ: ಕಾರಣ ಹುಡುಕುವ ಬಗೆ

ಲಾಯದಿಂದ ಚೆನ್ನಾಗಿಯೇ ಹೊರಟ ಕುದುರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ನಾಲ್ಕೂ ಕಾಲೂರಿ ನಿಂತುಬಿಡುತ್ತದೆ. ಹಿಮ್ಮಡಿ ಒತ್ತಿದರೂ ಕದಲುವುದಿಲ್ಲ, ನಾಲಿಗೆ ಲೊಚಗುಟ್ಟಿದರೂ ಇಲ್ಲ. ಚಿಕ್ಕಬಳ್ಳಾಪುರದ ಸುತ್ತ ಸವಾರಿ ಕಲಿಯುವವರು, ಕೋಲಾರ, ತುಮಕೂರು ಕಡೆ ತೋಟದ ಮನೆಯಲ್ಲಿ ಒಂದೋ ಎರಡೋ ಕುದುರೆ ಸಾಕಿಕೊಂಡವರು ನನ್ನ ಹತ್ತಿರ ತರುವ ದೂರುಗಳಲ್ಲಿ ಇದೇ ಹೆಚ್ಚು. ‘ಹಠ ಸಾರ್, ಚಾವಟಿ ತೋರಿಸಿದ್ರೆ ಮಾತ್ರ ಹೋಗುತ್ತೆ’ ಎನ್ನುತ್ತಾರೆ. ಹಠ ಎಂಬ ತೀರ್ಮಾನಕ್ಕೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ನಾನು ನೋಡಿದ ಕುದುರೆಗಳಲ್ಲಿ ಬಹುಪಾಲಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಗೊರಸಿನಲ್ಲೋ, ಬೆನ್ನಿನಲ್ಲೋ, ಕಣ್ಣೆದುರಿನ ದಾರಿಯಲ್ಲೋ ಕಾರಣ ಸಿಕ್ಕಿತು.

ನಿಂತ ಕುದುರೆಯನ್ನು ಓದಬೇಕು ಎಂಬುದನ್ನು ಚೆನ್ನಾಗಿ ತೋರಿಸಿಕೊಟ್ಟವರು ಅಮೆರಿಕದ ಕರ್ಲಿ ಕುದುರೆಗಳನ್ನು ಪಳಗಿಸುವವರು. ಮೈತುಂಬ ಗುಂಗುರು ಕೂದಲು, ಕಿವಿಯೊಳಗೂ ಗುಂಗುರು, ಕಣ್ಣಿನ ರೆಪ್ಪೆಯೂ ಸುರುಳಿ ಇರುವ ತಳಿ ಅದು. 1898ರಲ್ಲಿ ನೆವಾಡಾ ರಾಜ್ಯದ ಆಸ್ಟಿನ್ ಊರಿನ ಹತ್ತಿರದ ಬೆಟ್ಟಗಳಲ್ಲಿ ಡಮೇಲೆ ಎಂಬ ರೈತ ಕುಟುಂಬದವರ ಕಣ್ಣಿಗೆ ಇಂಥ ಕುದುರೆಗಳು ಬಿದ್ದವು. 1932ರ ಸುಮಾರಿನ ಭೀಕರ ಚಳಿಯಲ್ಲಿ ಬಯಲಿನ ಬೇರೆ ಕುದುರೆಗಳು ಸತ್ತಾಗ ಗುಂಗುರು ಮೈಯವು ಉಳಿದವು. ಆಮೇಲೆ ಆ ಮನೆಯವರು ಅವನ್ನೇ ಹಿಡಿದು ಪಳಗಿಸಿ ದನ ಕಾಯುವ ಕೆಲಸಕ್ಕೆ ಹಚ್ಚಿದರು. 1971ರಲ್ಲಿ ತಳಿಗೆ ನೋಂದಣಿ ಸಂಸ್ಥೆಯೂ ಆಯಿತು. ಕುದುರೆ ಅಲರ್ಜಿ ಇರುವ ಕೆಲವರಿಗೆ ಇವುಗಳ ಬಳಿ ತೊಂದರೆ ಕಡಿಮೆ ಎಂದು ಈ ತಳಿಗೆ ಹೆಸರು ಬಂದಿದೆ, ಆದರೆ ಎಲ್ಲರಿಗೂ ಹಾಗೇ ಆಗುತ್ತದೆ ಎಂದು ನಂಬಿ ಕೊಳ್ಳಬಾರದು.

ನಮಗೆ ಇಲ್ಲಿ ಬೇಕಾದದ್ದು ಇನ್ನೊಂದು ಗುಣ. ಬೆದರಿದಾಗ ಓಡಿಹೋಗುವುದಕ್ಕಿಂತ ನಿಂತು ನೋಡುವ ಕರ್ಲಿಗಳೇ ಹೆಚ್ಚು ಎಂದು ಅವುಗಳ ಜೊತೆ ದಿನವೂ ಸವಾರಿ ಮಾಡುವವರು ಹೇಳುತ್ತಾರೆ. ಹಾಗಾಗಿ ಅವರು ಕುದುರೆ ನಿಂತ ಕೂಡಲೇ ಒದೆಯುವುದಿಲ್ಲ. ಏನನ್ನು ನೋಡಿತು, ಎಲ್ಲಿ ನೋಯುತ್ತಿದೆ ಎಂದು ಕೇಳಿಕೊಳ್ಳುತ್ತಾರೆ. ನಮ್ಮ ಲಾಯಗಳಲ್ಲಿ ಹೆಚ್ಚಾಗಿ ಇರುವುದು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು, ಮಾರ್ವಾಡಿ ಮತ್ತು ಕಾಠಿಯಾವಾಡಿ ಕುದುರೆಗಳು, ಮದುವೆ ಮೆರವಣಿಗೆಯಿಂದ ಬಂದ ನಾಟಿ ತಟ್ಟುಗಳು. ಹೈದರಾಲಿ, ಟಿಪ್ಪು ಕಾಲದ ಅಶ್ವದಳದ ಕುಣಿಗಲ್ ಕುದುರೆ ಫಾರಂ ತುಮಕೂರು ಜಿಲ್ಲೆಯಲ್ಲೇ ಇದೆ. ಈ ಸೀಮೆಗೆ ಕುದುರೆ ಹೊಸದಲ್ಲ. ಕರ್ಲಿ ಸವಾರರು ಕೇಳಿಕೊಳ್ಳುವ ಆ ಪ್ರಶ್ನೆ ನಮ್ಮ ಈ ಕುದುರೆಗಳಿಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ.

ನಿಂತ ಕ್ಷಣದಲ್ಲಿ

ಮೊದಲು ಒದೆಯುವುದನ್ನು ನಿಲ್ಲಿಸಿ. ಮುಂದೆ ಹೋಗಲಾರದ ಕುದುರೆಯನ್ನು ಹಿಂದಿನಿಂದ ಹೊಡೆದರೆ ಅದಕ್ಕೆ ಉಳಿಯುವ ದಾರಿ ಮೇಲಕ್ಕೆ ಮಾತ್ರ. ಮುಂಗಾಲೆತ್ತಿ ನಿಲ್ಲುವ ಚಾಳಿಯುಳ್ಳ ಎಷ್ಟೋ ಕುದುರೆಗಳು ಅದನ್ನು ಕಲಿತದ್ದು ಹೀಗೆಯೇ. ಲಗಾಮು ಸಡಿಲ ಬಿಡಿ, ನೀವೂ ಉಸಿರು ಬಿಡಿ, ಕಿವಿ ನೋಡಿ. ಕುತ್ತಿಗೆ ಮೇಲೆತ್ತಿ ಎರಡೂ ಕಿವಿ ಒಂದೇ ಕಡೆ ನೆಟ್ಟು, ರೆಪ್ಪೆ ಮಿಟುಕಿಸದೆ, ಉಸಿರು ಹಿಡಿದು ನಿಂತಿದ್ದರೆ ಅದು ಹೆದರಿಕೆ. ಕಿವಿ ಹಿಂದೆ ಮುಂದೆ ಆಡುತ್ತಾ, ತಲೆ ಲಾಯದ ಕಡೆಗೆ ತಿರುಗುತ್ತಿದ್ದರೆ ಮನೆಯ ಅಥವಾ ಜೊತೆಗಾರ ಕುದುರೆಯ ಸೆಳೆತ. ಕಿವಿ ಹಿಂದಕ್ಕೆ ಒರಗಿ, ಕಣ್ಣಿನ ಮೇಲಿನ ಚರ್ಮ ಮಡಿಕೆ ಬಿದ್ದು, ಬಾಲ ಬಡಿಯುತ್ತಿದ್ದರೆ ಮೊದಲು ನೋವನ್ನು ಅನುಮಾನಿಸಿ. ಭಾರ ಹಿಂಗಾಲಿಗೆ ಹೋಗಿ ಮುಂಭಾಗ ಹಗುರಾಗಿ ಏಳುವಂತೆ ಅನಿಸಿದರೆ ಇಳಿದುಬಿಡಿ. ಇಳಿದರೆ ಕುದುರೆ ಗೆದ್ದಂತೆ ಎಂದು ಹೇಳಿಕೊಡುವವರ ಮಾತು ಕೇಳಬೇಡಿ.

ಆಮೇಲೆ ಮೂರು ವಿಷಯ ನೆನಪಿಟ್ಟುಕೊಳ್ಳಿ: ಎಲ್ಲಿ ನಿಂತಿತು, ಹೊರಟು ಎಷ್ಟು ಹೊತ್ತಾಗಿತ್ತು, ನೆಲ ಹೇಗಿತ್ತು. ಯಾವಾಗಲೂ ಒಂದೇ ಜಾಗವಾದರೆ ಕಾರಣ ಆ ಜಾಗದಲ್ಲೋ ಅಲ್ಲಿಯ ನೆನಪಿನಲ್ಲೋ ಇದೆ. ಜಾಗ ಬದಲಾದರೂ ಹೆಚ್ಚು ಕಡಿಮೆ ಅಷ್ಟೇ ದೂರ ಹೋದ ಮೇಲೆ ನಿಲ್ಲುವುದಾದರೆ ಸ್ನಾಯು, ಬಿಸಿಲು, ನೀರು, ಜೀನು ಇವುಗಳ ಕಡೆ ನೋಡಬೇಕು. ಮಣ್ಣಿನ ದಾರಿಯಲ್ಲಿ ಸರಾಗ, ಜಲ್ಲಿ ಕಂಡರೆ ನಿಲ್ಲುತ್ತದೆ ಎಂದರೆ ನೇರ ಗೊರಸಿಗೆ ಹೋಗಿ. ಇಳಿಜಾರಿನಲ್ಲಿ ಮಾತ್ರ ನಿಲ್ಲುವ ಕುದುರೆಗೆ ಮುಂಗಾಲು ನೋಯುತ್ತಿರಬಹುದು, ಇಲ್ಲವೇ ಜೀನು ಮುಂದಕ್ಕೆ ಜಾರಿ ಹೆಗಲು ಒತ್ತುತ್ತಿರಬಹುದು.

ಒಂದೊಂದಾಗಿ ಕಳಚಿ ನೋಡುವುದು

ಪಂಪ್‌ಸೆಟ್ ಕೈಕೊಟ್ಟಾಗ ಮೊದಲು ಫ್ಯೂಸು, ಆಮೇಲೆ ಸ್ಟಾರ್ಟರು, ಕೊನೆಗೆ ಮೋಟಾರು ಎತ್ತುವ ಹಾಗೆ ಇಲ್ಲೂ ಹಗುರವಾದದ್ದರಿಂದ ಶುರು ಮಾಡಬೇಕು. ಮಾರನೆಯ ದಿನ ಜೀನೂ ಇಲ್ಲದೆ, ಸವಾರನೂ ಇಲ್ಲದೆ, ಬರೀ ಮೊಗಹಗ್ಗದಲ್ಲಿ ಕುದುರೆಯನ್ನು ಅದೇ ದಾರಿಯಲ್ಲಿ ನಡೆಸಿಕೊಂಡು ಹೋಗಿ. ಆಗಲೂ ಅದೇ ಜಾಗದಲ್ಲಿ ನಿಂತರೆ ಜೀನು, ಕಡಿವಾಣ, ಸವಾರ ಮೂವರೂ ಲೆಕ್ಕದಿಂದ ಹೊರಗೆ. ಸಲೀಸಾಗಿ ದಾಟಿದರೆ ಮುಂದಿನ ಸಲ ಜೀನು ಬಿಗಿದು ನಡೆಸಿ. ಅದಾದ ಮೇಲೆ ಹಗುರ ಮೈಯ, ಕೈ ಮೆತ್ತಗಿರುವ ಒಬ್ಬ ಸವಾರನನ್ನು ಕೂರಿಸಿ. ಕೊನೆಗೆ ಎಂದಿನ ಸವಾರ. ಒಂದು ದಿನಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂಬುದು ತಿಳಿಯುವುದೇ ಇಲ್ಲ. ಬಹಳ ಜನ ಹೊಸ ಕಡಿವಾಣ, ಹೊಸ ಜೀನು, ಹೊಸ ಮೇವು ಎಲ್ಲವನ್ನೂ ಒಂದೇ ವಾರ ತರುತ್ತಾರೆ. ದುಡ್ಡೂ ಹೋಗುತ್ತದೆ, ಕಾರಣವೂ ಅಡಗಿಬಿಡುತ್ತದೆ.

ಗೊರಸು

ನಮ್ಮ ಕಡೆ ಇದನ್ನೇ ಮೊದಲು ನೋಡಬೇಕು. ಕೋಲಾರ, ಚಿಕ್ಕಬಳ್ಳಾಪುರದ ನೆಲ ಕಲ್ಲುನೆಲ. ಕ್ರಷರ್ ಜಲ್ಲಿ ಹಾಸಿದ ತೋಟದ ದಾರಿ, ಕೆರೆ ಏರಿಯ ಪಕ್ಕದ ಬಳ್ಳಾರಿ ಜಾಲಿಯ ಮುಳ್ಳು, ಕಟ್ಟಡದ ಕೆಲಸ ನಡೆದ ಕಡೆ ಬಿದ್ದ ಮೊಳೆ. ಕಾಲೆತ್ತಿ ಗೊರಸು ಕೆರೆಯುವ ಕೊಕ್ಕೆಯಿಂದ ಪೂರ್ತಿ ಚೊಕ್ಕಟ ಮಾಡಿದ ಮೇಲೇ ನೋಡಿ. ಅಂಗಾಲಿನ ನಡುವಿನ ತ್ರಿಕೋನದ ಮೆತ್ತನೆಯ ಭಾಗದ ಪಕ್ಕದ ಸಂದುಗಳಲ್ಲಿ ಕಪ್ಪಗೆ, ಕೊಳೆತ ವಾಸನೆಯ ಜಿಗುಟು ಕಂಡರೆ ಅದು ಗೊರಸು ಕೊಳೆ. ಮಳೆಗಾಲದಲ್ಲಿ ಗಂಜಲ ನಿಂತ ಲಾಯಗಳಲ್ಲಿ ಇದು ಸಾಮಾನ್ಯ. ನೆಲ ಒಣಗಿಸದೆ ಬರೀ ಔಷಧಿ ಹಚ್ಚಿದರೆ ವಾಸಿಯಾಗುವುದಿಲ್ಲ.

ಆಮೇಲೆ ಗೊರಸಿನ ಗೋಡೆಯ ಮೇಲೆ ಅಂಗೈ ಇಟ್ಟು ನಾಲ್ಕನ್ನೂ ಹೋಲಿಸಿ. ಒಂದು ಮಾತ್ರ ಬಿಸಿ ಇದ್ದರೆ ಅನುಮಾನ ಪಡಿ. ಗೊರಸಿನ ಮೇಲಿನ ಗಿಣ್ಣಿನ ಹಿಂಭಾಗದಲ್ಲಿ, ಎರಡೂ ಪಕ್ಕ, ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಂತ ಕಾಲಿನಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಬೆರಳಿಟ್ಟ ಕೂಡಲೇ ಜೋರಾಗಿ ಬಡಿಯುತ್ತಿದ್ದರೆ ಒಳಗೆ ಉರಿಯೂತ ಇದೆ. ದಿನವೂ ಮುಟ್ಟಿ ನೋಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುವುದರಿಂದ, ಕುದುರೆ ಚೆನ್ನಾಗಿರುವಾಗಲೇ ಈ ಅಭ್ಯಾಸ ಮಾಡಿಕೊಳ್ಳಿ. ಎರಡೂ ಮುಂಗೊರಸು ಬಿಸಿಯಾಗಿ, ಭಾರವನ್ನು ಹಿಂದಕ್ಕೆ ಹಾಕಿ, ಮುಂಗಾಲು ಮುಂದೆ ಚಾಚಿ ನಿಂತಿದ್ದರೆ ಅದು ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ, ಆಗಿರಬಹುದು. ಇದು ಕಾದು ನೋಡುವ ರೋಗವಲ್ಲ. ಒಂದು ಹೆಜ್ಜೆಯೂ ನಡೆಸದೆ ವೈದ್ಯರನ್ನು ಅಲ್ಲಿಗೇ ಕರೆಸಿ. ಹುರುಳಿ ಅಥವಾ ಧಾನ್ಯದ ಮೂಟೆಗೆ ಕುದುರೆ ಬಾಯಿ ಹಾಕಿತ್ತೇ ಎಂದೂ ವಿಚಾರಿಸಿ.

ಸೂಕ್ಷ್ಮವಾದ ಕುಂಟು ಕುದುರೆ ನಿಧಾನ ನಡೆಯುವಾಗ ಕಾಣದಿರಬಹುದು. ಗಟ್ಟಿ ನೆಲದಲ್ಲಿ, ಹಗ್ಗ ಸಡಿಲ ಬಿಟ್ಟು ಟ್ರಾಟ್, ಅಂದರೆ ನಿಧಾನ ಓಟ, ಮಾಡಿಸಿ. ನೋಯುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ಲಾಳ ಹೊಡೆದ ಒಂದೆರಡು ದಿನದೊಳಗೆ ನಿಲ್ಲಲು ಶುರುವಾದರೆ ಮೊಳೆ ಜೀವಭಾಗಕ್ಕೆ ಹತ್ತಿರ ಹೋಗಿರಬಹುದು. ಅದೇ ನಾಲಬಂದನನ್ನು ಕರೆಸಿ ಒಂದೊಂದೇ ಮೊಳೆ ತೆಗೆಸಿ ನೋಡಬೇಕು. ಲಾಳ ಹಾಕಿ ಆರು ವಾರ ದಾಟಿದ್ದರೆ ಗೊರಸಿನ ತುದಿ ಉದ್ದವಾಗಿ ಕುದುರೆ ಎಡವುತ್ತದೆ. ಎಡವಿ ಹೆದರಿದ ಕುದುರೆ ಇಳಿಜಾರಿನಲ್ಲಿ ನಿಲ್ಲುತ್ತದೆ. ಮುಳ್ಳು, ಮೊಳೆ ಹೊಕ್ಕ ಗಾಯ ಎಷ್ಟು ಚಿಕ್ಕದಾದರೂ ಧನುರ್ವಾಯು ಲಸಿಕೆಯ ವಿಷಯ ಅದೇ ದಿನ ವೈದ್ಯರ ಹತ್ತಿರ ಮಾತಾಡಿ. ಈ ಕಾಯಿಲೆಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ.

ಕರ್ಲಿ ಸಾಕುವವರಲ್ಲಿ ಅನೇಕರು ಲಾಳವಿಲ್ಲದೆ ಸವಾರಿ ಮಾಡುತ್ತಾರೆ. ಆ ತಳಿಯ ಗಟ್ಟಿ ಗೊರಸಿಗೆ ಅದು ಹೊಂದಬಹುದು. ಅದನ್ನು ನೋಡಿ, ವರ್ಷಗಟ್ಟಲೆ ಲಾಳದಲ್ಲೇ ಓಡಿದ ಥರೋಬ್ರೆಡ್‌ನ ತೆಳು ಅಂಗಾಲಿನಿಂದ ಏಕಾಏಕಿ ಲಾಳ ಕಿತ್ತು ಜಲ್ಲಿ ದಾರಿಗೆ ಇಳಿಸಿದರೆ ಅದು ನಿಲ್ಲದೆ ಇನ್ನೇನು ಮಾಡೀತು?

ಬೆನ್ನು ಮತ್ತು ಜೀನು

ಬೆನ್ನುಮೂಳೆಯ ಎರಡೂ ಪಕ್ಕ, ಹೆಗಲಿನಿಂದ ಸೊಂಟದವರೆಗೆ, ಬೆರಳುಗಳನ್ನು ಚಪ್ಪಟೆಯಾಗಿಟ್ಟು ನಿಧಾನ ಒತ್ತುತ್ತಾ ಬನ್ನಿ. ಒಂದು ಕಡೆ ಕುದುರೆ ಬೆನ್ನು ತಗ್ಗಿಸಿ ತಪ್ಪಿಸಿಕೊಂಡರೆ, ಕಿವಿ ಹಿಂದಕ್ಕೆ ಹೋದರೆ, ಮತ್ತೊಮ್ಮೆ ಒತ್ತಿದಾಗಲೂ ಹಾಗೇ ಆದರೆ ಅಲ್ಲಿ ನೋವಿದೆ. ಕಪ್ಪು ಅಥವಾ ಕಂದು ಮೈಯಲ್ಲಿ ಜೀನು ಕೂರುವ ಕಡೆ ಬಿಳಿ ಕೂದಲಿನ ಮಚ್ಚೆ ಇದ್ದರೆ ಹಿಂದೆ ಎಂದೋ ಒಂದು ಜೀನು ಅಲ್ಲಿ ಬಹಳ ಕಾಲ ಒತ್ತಿತ್ತು ಎಂದು ತಿಳಿಯಿರಿ.

ಸವಾರಿ ಮುಗಿಸಿ ಜೀನು ಇಳಿಸಿದ ಕೂಡಲೇ ಬೆವರಿನ ಗುರುತು ನೋಡಿ. ಎರಡೂ ಪಕ್ಕ ಒಂದೇ ಸಮ ಒದ್ದೆಯಾಗಿರಬೇಕು. ಒದ್ದೆಯ ನಡುವೆ ಒಂದು ಒಣ ಜಾಗ ಕಂಡರೆ ಅಲ್ಲಿ ಜೀನು ವಿಪರೀತ ಒತ್ತುತ್ತಿದೆ ಅಥವಾ ಮುಟ್ಟುತ್ತಲೇ ಇಲ್ಲ. ಎರಡರಲ್ಲಿ ಯಾವುದೆಂದು ಜೀನಿನ ಕೆಳಗೆ ಕೈ ತೂರಿಸಿದರೆ ಗೊತ್ತಾಗುತ್ತದೆ. ಸವಾರ ಕೂತಿರುವಾಗ ಹೆಗಲಿನ ಉಬ್ಬಿನ ಮೇಲೆ ಎರಡು ಮೂರು ಬೆರಳಿನ ಸಂದು ಉಳಿಯಬೇಕು. ರೇಸ್ ಕುದುರೆಯ ಉಬ್ಬು ಎತ್ತರ, ಆದ್ದರಿಂದ ಅಗಲದ ಜೀನು ಅದರ ಮೇಲೇ ಕುಸಿದು ಕೂರುತ್ತದೆ. ದುಂಡು ಮೈಯ ತಟ್ಟುಗಳಲ್ಲಿ ಇದಕ್ಕೆ ತದ್ವಿರುದ್ಧ: ಜೀನು ಪಕ್ಕಕ್ಕೆ ಉರುಳುತ್ತದೆ, ಉರುಳದಿರಲೆಂದು ಜೀನಿನ ಹೊಟ್ಟೆಪಟ್ಟಿಯನ್ನು ಉಸಿರುಗಟ್ಟುವಷ್ಟು ಬಿಗಿಯುತ್ತಾರೆ, ಕುದುರೆ ಹತ್ತು ಹೆಜ್ಜೆ ಹಾಕಿ ನಿಲ್ಲುತ್ತದೆ. ಪಟ್ಟಿಯನ್ನು ಒಂದೇ ಸಲ ಎಳೆಯದೆ, ಸ್ವಲ್ಪ ನಡೆಸಿ ಮತ್ತೆ ಒಂದು ತೂತು ಬಿಗಿಯುವುದು ಎಲ್ಲ ಕುದುರೆಗೂ ಒಳ್ಳೆಯದು. ಕರ್ಲಿಯ ದಟ್ಟ ಚಳಿಗಾಲದ ಕೂದಲು ಬೇಸಿಗೆಗೆ ಉದುರುತ್ತದೆ, ಕೆಲವಕ್ಕೆ ಜೂಲೂ ಉದುರುತ್ತದೆ. ಹಾಗಾಗಿ ಆ ಸವಾರರು ಪಟ್ಟಿಯ ಕೆಳಗಿನ ತರಚನ್ನು ಕಣ್ಣಿಂದಲ್ಲ, ಕೂದಲೊಳಗೆ ಬೆರಳಾಡಿಸಿ ಹುಡುಕುತ್ತಾರೆ. ಕುದುರೆ ನೋಡಿಕೊಳ್ಳುವ ನಮ್ಮ ಸಾಯೀಸರೂ ಬ್ರಷ್ ಹಾಕುವ ಮುನ್ನ ಹಾಗೇ ಮಾಡಲಿ ಎಂಬುದು ನನ್ನ ಆಸೆ.

ತೂಕದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಶೇ. 20 ಮೀರದಿರಲಿ ಎಂಬುದು ಸವಾರಿ ಲೋಕದಲ್ಲಿ ಬಳಕೆಯಲ್ಲಿರುವ ಮಿತಿ. 250 ಕಿಲೋ ತೂಗುವ ತಟ್ಟುವಿಗೆ ಅದು 50 ಕಿಲೋ ಮಾತ್ರ. ಮಕ್ಕಳಿಗೆಂದು ತಂದ ತಟ್ಟುವಿನ ಮೇಲೆ ವಾರದ ಕೊನೆಗೆ ದೊಡ್ಡವರು ಹತ್ತಿ ನಂದಿ ತಪ್ಪಲಿನ ಏರು ಏರಿಸಿದರೆ ಅದು ನಿಲ್ಲುವುದು ತಪ್ಪಲ್ಲ.

ಬಾಯಿ

ಮೇಲಿನ ದವಡೆ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಚೂಪಾಗುತ್ತಾ ಹೋಗಿ ಕೆನ್ನೆ, ನಾಲಿಗೆಗಳನ್ನು ಕೊಯ್ಯುತ್ತವೆ. ಅರೆ ಅಗಿದ ಹುಲ್ಲಿನ ಉಂಡೆ ಗೋದಲಿಯ ಕೆಳಗೆ ಬಿದ್ದಿದ್ದರೆ ವೈದ್ಯರಿಂದ ಹಲ್ಲು ಉಜ್ಜಿಸಿ. ವರ್ಷಕ್ಕೊಮ್ಮೆ ತೋರಿಸುವುದು ಕನಿಷ್ಠ. ಮೆರವಣಿಗೆಯಿಂದ ಬಂದ ಕುದುರೆಯ ಜೊತೆಗೆ ಮುಳ್ಳು ಕಡಿವಾಣವೂ ಬಂದಿದ್ದರೆ ಅದನ್ನು ಅಂದೇ ಎಸೆಯಿರಿ. 1965ರ ಕೇಂದ್ರ ನಿಯಮಗಳೇ ಅದನ್ನು ನಿಷೇಧಿಸಿವೆ. ಅಂಥ ಕುದುರೆಗೆ ಲಗಾಮು ಬಿಗಿಯಾದರೆ ಸಾಕು, ಬಾಯಿ ಹರಿಯುತ್ತದೆಂಬ ಭಯಕ್ಕೆ ನಿಲ್ಲುತ್ತದೆ. ಮೆತ್ತನೆ ಕಡಿವಾಣ ಹಾಕಿದ ಮೇಲೂ ಆ ಭಯ ಹೋಗಲು ತಿಂಗಳುಗಳು ಬೇಕಾಗುತ್ತವೆ.

ಬಿಸಿಲು, ನೀರು, ರಕ್ತ

ಫೆಬ್ರವರಿ ಕಳೆದ ಮೇಲೆ ಬರುವ ದೂರುಗಳಲ್ಲಿ ಬಿಸಿಲಿನ ಪಾಲು ದೊಡ್ಡದು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ನಿಂತ ಕುದುರೆಯನ್ನು ನೆರಳಿಗೆ ಕಟ್ಟಿ ಅರ್ಧ ಗಂಟೆಯಾದರೂ ನಾಡಿ 60ರ ಕೆಳಗೆ ಇಳಿಯದಿದ್ದರೆ ಅಂದಿನ ಸವಾರಿ ಮುಗಿಯಿತು. ನೀರು ದಿನಕ್ಕೆ 25ರಿಂದ 40 ಲೀಟರು, ಸೆಕೆಯಲ್ಲಿ ಇನ್ನೂ ಹೆಚ್ಚು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ನಾವು ಬೋರ್‌ವೆಲ್ ನಂಬಿದವರು. ಒಂದು ಬೋರಿನ ನೀರಿಗೆ ಒಗ್ಗಿದ ಕುದುರೆ ಇನ್ನೊಂದರ ರುಚಿಗೆ ಮೂತಿ ತಿರುಗಿಸುವುದುಂಟು. ಬಕೆಟ್ಟಿನಲ್ಲಿ ಅಳೆದು ಕೊಟ್ಟರೆ ಎಷ್ಟು ಕುಡಿಯಿತೆಂದು ತಿಳಿಯುತ್ತದೆ. ತೊಟ್ಟಿ ತುಂಬಿದೆ ಎಂಬುದು ಕುಡಿದದ್ದಕ್ಕೆ ಸಾಕ್ಷಿಯಲ್ಲ. ಏದುಸಿರು ಬಿಡುತ್ತಾ ಮೈ ಮಾತ್ರ ಒಣಗಿದ್ದರೆ ಬೆವರುವ ಶಕ್ತಿ ಕುಂದಿದೆ. ತಣ್ಣೀರು ಹಾಕುತ್ತಲೇ ವೈದ್ಯರಿಗೆ ಫೋನ್ ಮಾಡಿ.

ಒಂದೆರಡು ದಿನ ಲಾಯದಲ್ಲೇ ನಿಂತು, ಹುರುಳಿ, ಬೂಸಾ ಎಂದಿನಷ್ಟೇ ತಿಂದು, ಸವಾರಿಗೆ ಹೊರಟ ಸ್ವಲ್ಪ ಹೊತ್ತಿಗೇ ಹಿಂಭಾಗ ಬಿಗಿದು ನಿಂತರೆ ತೊಡೆ ಮುಟ್ಟಿ ನೋಡಿ. ಸ್ನಾಯು ಕಲ್ಲಾಗಿದ್ದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಸ್ನಾಯು ಒಡೆಯುತ್ತಿದೆ. ನಡೆಸಿಕೊಂಡು ಮನೆಗೆ ತರಬೇಡಿ, ಗಾಡಿ ತರಿಸಿ. ವಿಶ್ರಾಂತಿಯ ದಿನ ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸುವುದೇ ಇದಕ್ಕೆ ಮುನ್ನೆಚ್ಚರಿಕೆ.

ಬಿಟ್ಟು ಬಿಟ್ಟು ಜ್ವರ, ಚೆನ್ನಾಗಿ ತಿಂದರೂ ಇಳಿಯುವ ಮೈ, ಹೊಟ್ಟೆಯ ಕೆಳಗೆ, ಕಾಲುಗಳಲ್ಲಿ ಬಾವು: ಇವು ಜೊತೆಗಿದ್ದರೆ ಸರ್ರಾ ರೋಗದ ರಕ್ತ ಪರೀಕ್ಷೆ ಮಾಡಿಸಲೇಬೇಕು. ರಕ್ತ ಹೀರುವ ದೊಡ್ಡ ಕುದುರೆನೊಣಗಳಿಂದ ಹರಡುವ ಇದು ನಮ್ಮ ದೇಶದ ಕುದುರೆಗಳನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆ.

ಕರ್ಲಿ ಚಿತ್ರಗಳನ್ನು ನೋಡಿದವರಿಗೆ ಇನ್ನೊಂದು ಮಾತು. ನಿಮ್ಮ ಹದಿನೈದು ದಾಟಿದ ಕುದುರೆಗೆ ಈಗ ಹೊಸದಾಗಿ ಉದ್ದ, ಗುಂಗುರು ಕೂದಲು ಬಂದು ಬೇಸಿಗೆಯಾದರೂ ಉದುರದಿದ್ದರೆ ಅದು ತಳಿಯ ಗುಣವಲ್ಲ. ಕರ್ಲಿ ಮರಿ ಹುಟ್ಟುವಾಗಲೇ ಗುಂಗುರು. ಮುದಿ ಕುದುರೆಯಲ್ಲಿ ಹೀಗಾಗುವುದು ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯ ಕಾಯಿಲೆ. ಅದರ ಬೆನ್ನಿಗೇ ಲ್ಯಾಮಿನೈಟಿಸ್ ಬರುವ ಅಪಾಯವಿದೆ, ಆಗ ಕುದುರೆ ಜಲ್ಲಿಯ ಮೇಲೆ ನಿಲ್ಲತೊಡಗುತ್ತದೆ. ರಕ್ತ ಪರೀಕ್ಷೆಯಿಂದ ಪತ್ತೆಯಾಗುತ್ತದೆ, ಔಷಧಿಯಿಂದ ಹತೋಟಿಗೆ ಬರುತ್ತದೆ.

ಕಣ್ಣು ಮತ್ತು ಭಯ

ಮೈಯಲ್ಲಿ ಏನೂ ಸಿಗದಿದ್ದರೆ ಆ ಜಾಗಕ್ಕೆ ಹೋಗಿ ಕುದುರೆಯ ಎತ್ತರದಿಂದ ನೋಡಿ. ಟೊಮೆಟೊ ಹೊಲದ ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟಿನ ತುದಿ ಗಾಳಿಗೆ ಪಟಪಟಿಸುತ್ತಿರಬಹುದು. ಸುರುಳಿ ಸುತ್ತಿಟ್ಟ ಡ್ರಿಪ್ ಪೈಪು, ಪಾಲಿಹೌಸಿನ ಹರಿದ ಹಾಳೆ, ತಿರುವಿನಲ್ಲಿ ಏಕಾಏಕಿ ಎದುರಾದ ಕಲ್ಲಿನ ಟಿಪ್ಪರ್ ಲಾರಿ. ಕುದುರೆಗೆ ಹೆಚ್ಚು ಕಡಿಮೆ ಸುತ್ತಲೂ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕುರುಡು. ದೂರವನ್ನು ಅಳೆಯಲು ಅದು ತಲೆ ಎತ್ತಿಳಿಸಬೇಕು. ಲಗಾಮು ಬಿಗಿ ಹಿಡಿದು ತಲೆ ಕಟ್ಟಿದರೆ ನೋಡುವ ದಾರಿಯನ್ನೇ ಮುಚ್ಚಿದ ಹಾಗಾಯಿತು. ಕೆಂಪು ಬಣ್ಣ ಅದಕ್ಕೆ ಎದ್ದು ಕಾಣುವುದಿಲ್ಲ, ಹೊಳಪು ಮತ್ತು ಚಲನೆ ಕಾಣುತ್ತವೆ. ಬಿಸಿಲಿನಿಂದ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವುದು ನಮಗಿಂತ ನಿಧಾನ. ರೈಲ್ವೆ ಅಂಡರ್‌ಪಾಸ್ ಮುಂದೆ, ದಟ್ಟ ಹುಣಸೆ ಮರಗಳ ಸಾಲಿನ ಮುಂದೆ ನಿಲ್ಲುವ ಕುದುರೆಗಳಿಗೆ ಬಹುತೇಕ ಇದೇ ಕಾರಣ. ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಸಾಕು, ತಾನೇ ಹೆಜ್ಜೆ ಹಾಕುತ್ತದೆ.

ಶೀಟಿನ ಭಯಕ್ಕೆ ಮದ್ದು ಹೀಗೆ. ಕುದುರೆ ನಿಲ್ಲುವ ಗೆರೆಯನ್ನು ಗುರುತಿಸಿ, ಅದಕ್ಕೆ ನಾಲ್ಕು ಹೆಜ್ಜೆ ಮೊದಲೇ ನೀವೇ ನಿಲ್ಲಿಸಿ. ನೋಡಲಿ. ತಲೆ ತಗ್ಗಿಸಿದರೆ, ಮೂಗಿನಿಂದ ಉಸಿರು ಬಿಟ್ಟರೆ, ಬಾಯಿ ಆಡಿಸಿದರೆ ತಿರುಗಿಸಿ ಹಿಂದಕ್ಕೆ ಕರೆದೊಯ್ಯಿರಿ. ಮತ್ತೆ ಬನ್ನಿ, ಈ ಸಲ ಒಂದು ಹೆಜ್ಜೆ ಹತ್ತಿರ. ದೂರ ಹೋಗುವುದೇ ಅದಕ್ಕೆ ಸಿಗುವ ಬಹುಮಾನ, ಆದ್ದರಿಂದ ಅದು ಧೈರ್ಯ ತೋರಿದ ಆ ಕ್ಷಣದಲ್ಲೇ ಸಿಗಬೇಕು. ಆಮೇಲೆ ಅದೇ ದಾರಿಯಲ್ಲಿ ಎದುರಿನಿಂದಲೂ ಬನ್ನಿ. ಎಡಗಣ್ಣು ಒಪ್ಪಿದ ಶೀಟು ಬಲಗಣ್ಣಿಗೆ ಹೊಸದಾಗಿ ಕಾಣಬಹುದು. ನಿಂತು ನೋಡುವ ಸ್ವಭಾವದ ಕುದುರೆಯಲ್ಲಿ ಒಂದು ಎಚ್ಚರಿಕೆ ಇರಲಿ: ಹೊರಗೆ ಶಾಂತವಾಗಿ ಕಂಡರೂ ಉಸಿರು ಹಿಡಿದಿದ್ದರೆ ಅದು ಒಪ್ಪಿಗೆಯಲ್ಲ. ಪಕ್ಕೆ ಏರಿಳಿಯುವುದು ಕಾಣುವವರೆಗೆ ಮುಂದೆ ಹೋಗಬೇಡಿ.

ಸವಾರ

ಕಾಲಿನಿಂದ ಹೋಗು ಎನ್ನುತ್ತಾ ಕೈಯಿಂದ ನಿಲ್ಲು ಎನ್ನುವುದು ಕಲಿಯುವವರೆಲ್ಲರಲ್ಲೂ ಇರುತ್ತದೆ. ಹೆದರಿಕೆಯಾದಾಗ ಕೈ ತಾನಾಗಿ ಬಿಗಿಯುತ್ತದೆ. ಕುತ್ತಿಗೆಗೆ ಒಂದು ಪಟ್ಟಿ ಕಟ್ಟಿ, ಕೈಗೆ ಆಧಾರ ಬೇಕೆನಿಸಿದಾಗ ಅದನ್ನು ಹಿಡಿಯಲು ಹೇಳಿ. ಇದೊಂದರಿಂದಲೇ ಸರಿಹೋದ ಕುದುರೆಗಳಿವೆ.

ಕಾರಣ ಸಿಕ್ಕಿ ನಿವಾರಣೆಯಾದ ಮೇಲೂ ಕುದುರೆ ಕೆಲವು ವಾರ ಹಳೆಯ ಜಾಗದಲ್ಲಿ ಅನುಮಾನಿಸುತ್ತದೆ. ನೋವು ಹೋದರೂ ನೆನಪು ಉಳಿದಿರುತ್ತದೆ. ಮೊದಲು ಕೈಹಗ್ಗದಲ್ಲಿ, ಆಮೇಲೆ ಧೈರ್ಯವಂತ ಕುದುರೆಯ ಹಿಂದೆ, ಆಮೇಲೆ ಒಂಟಿಯಾಗಿ ದಾಟಿಸಿ. ದಾಟಿದ ಹತ್ತು ಹೆಜ್ಜೆಗೇ ಇಳಿದು ಮೇಯಲು ಬಿಡಿ.

ವೈದ್ಯರಿಗೆ ಫೋನ್ ಮಾಡುವ ಮೊದಲು ಮೈಬಿಸಿ, ನಾಡಿ, ಉಸಿರು ಅಳೆದು ಬರೆದುಕೊಳ್ಳಿ. ಕೊನೆಯ ಸಲ ಯಾವಾಗ ತಿಂದಿತು, ಕುಡಿಯಿತು, ಲದ್ದಿ ಹಾಕಿತು, ಮೂತ್ರದ ಬಣ್ಣ ಏನು ಎಂಬುದನ್ನೂ ಬರೆಯಿರಿ. ಕುದುರೆ ನಡೆಯಬಲ್ಲ ಸ್ಥಿತಿಯಲ್ಲಿದ್ದರೆ ಗಟ್ಟಿ ನೆಲದ ಮೇಲೆ ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ಟ್ರಾಟ್‌ನ ವಿಡಿಯೋ ತೆಗೆದಿಡಿ. ತಾಲ್ಲೂಕು ಪಶು ಆಸ್ಪತ್ರೆಯವರು ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸೆಯ ಪಶು ಸಂಜೀವಿನಿ ಸೇವೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಬೇಕಾದ ಕುದುರೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಚಿಕ್ಕಬಳ್ಳಾಪುರದಿಂದ ಅದು ಹೆದ್ದಾರಿಯಲ್ಲಿ ನೇರ ದಾರಿ. ಆದರೆ ಗಾಡಿ ಹತ್ತಿಸುವ ಅಭ್ಯಾಸವನ್ನು ಕುದುರೆ ಆರೋಗ್ಯವಾಗಿರುವಾಗಲೇ ಮಾಡಿಸಿರಬೇಕು.